ಕಣ್ಣಿನೊಳಗೆ ಬೆಳಕು ಹಿಡಿದ ಹೆಲ್ಮ್‌ಹೋಲ್ಟ್ಸ್ ಮಹಾಶಯನು

ಏಡ್ಸ್ ಎಂಬ ಮಹಾವ್ಯಾಧಿಯು ವೈದ್ಯಲೋಕದ ಗಮನಕ್ಕೆ ಬಂದುದು ೧೯೮೧ರಲ್ಲಿ. ಹೆರ್ಮಾನ್ ಫಾನ್ ಹೆಲ್ಮ್‌ಹೋಲ್ಟ್ಸ್ ಮಹಾಶಯನು ಕಾಲವಾದುದು ೧೮೯೪ರಲ್ಲಿ. ನಡುವೆ ೮೭ ವರ್ಷಗಳ ಅಂತರ. ಹೀಗಿದ್ದರೂ ಆ ವ್ಯಾಧಿಯಿಂದ ಪೀಡಿತನಾದವನ ಕಣ್ಣನ್ನು ಪರೀಕ್ಷಿಸಲು ಕುಳಿತ ವೈದ್ಯನು ಮೊದಲು ಕೈಗೆತ್ತಿಕೊಳ್ಳುವ ಉಪಕರಣವು ಈ ಜರ್ಮನ್ ಪಂಡಿತನು ಕಲ್ಪಿಸಿದುದು; ಅನಂತರ ನಡೆಯುವ ಪರೀಕ್ಷೆಗಳ ಹಿಂದೆಯೂ ಈತನ ಇಲ್ಲವೆ ಈತನ ಗೆಳೆಯರ ಬುದ್ಧಿಯು ಕೆಲಸಮಾಡಿದೆ. ನಮ್ಮ ವಾಚಕರಲ್ಲಿ ಅನೇಕರು ಈತನ ಹೆಸರನ್ನು ಶಕ್ತಿಯ ನಿತ್ಯತ್ವದ ಸಿದ್ಧಾಂತದ ಪ್ರಸ್ತಾಪದಲ್ಲಿ ಕೇಳಿರಬಹುದು. ಇಂದು ನಾವು ಹೇಳಹೊರಟಿರುವುದು ಕಣ್ಣನ್ನು ಕುರಿತು ಆತನು ಮಾಡಿದ ಸೇವೆಯನ್ನು. ಅದರಲ್ಲಿಯೂ ಎರಡು ಭಾಗಗಳುಂಟು: ಕಣ್ಣಿನ ಒಳಪದರವನ್ನು ನೋಡುವ ದಾರಿಯನ್ನು ತೋರಿಸಿದುದು ಒಂದು; ಆ ಪದರವು ತನ್ನ ಕೆಲಸವನ್ನು ಮಾಡುತ್ತಿದೆಯೇ ಎಂದು ಕೇಳುವ ದಾರಿಯನ್ನು ತೋರಿಸಿದುದು ಇನ್ನೊಂದು. ಮೊದಲನೆಯದಕ್ಕೆ ಜಗತ್ತು ಧಾರಾಳವಾಗಿ ಕೀರ್ತಿಯನ್ನು ಕೊಟ್ಟಿತು. ಎರಡನೆಯದಕ್ಕೆ ಸಲ್ಲಬೇಕಾದಷ್ಟು ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಈತನು ೧೮೨೧ನೆಯ ಇಸವಿ ಆಗಸ್ಟ್ ೩೧ರಂದು ಪ್ರಷ್ಯಾ ದೇಶದ ಪಾಟ್ಸ್‌ಡ್ಯಾಮ್ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿಯ ಪಾಠಶಾಲೆಯಲ್ಲಿ ಉಪಾಧ್ಯಾಯನು. ಭಾಷೆ, ತತ್ತ್ವಶಾಸ್ತ್ರಗಳಲ್ಲಿ ಅಭಿರುಚಿಯುಳ್ಳ ಮನೆ. ವಿದ್ಯೆ ಹೇರಳ, ಹಣ ಅಷ್ಟಕ್ಕಷ್ಟೆ. ಹುಡುಗನ ಮನಸ್ಸು ಭೌತಶಾಸ್ತ್ರದ ಕಡೆಗೆ ಎಳೆಯುತ್ತಿತ್ತು. ಆದರೆ ಭೌತಶಾಸ್ತ್ರವನ್ನು ಓದಿ ಹೊಟ್ಟೆ ಹೊರೆಯುವುದು ಆ ಕಾಲಕ್ಕೆ ಸುಲಭವಾಗಿರಲಿಲ್ಲ. ಬರ್ಲಿನ್ ನಗರದಲ್ಲಿ ಸೈನ್ಯದ ವೈದ್ಯರನ್ನು ತಯಾರಿಸುವ ಸರಕಾರೀ ಸಂಸ್ಥೆಯೊಂದಿತ್ತು. ಅಲ್ಲಿ ವಿದ್ಯಾಭ್ಯಾಸದ ವೆಚ್ಚವೆಲ್ಲ ಸರಕಾರದ್ದು. ಅದಕ್ಕೆ ಪ್ರತಿಯಾಗಿ ಎಂಟು ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕು. ತಂದೆಯ ಸಲಹೆಯಂತೆ ೧೮೩೮ರಲ್ಲಿ ಹುಡುಗನು ಅಲ್ಲಿ ಸೇರಿದನು. ನಮ್ಮ ಪಟ್ಟಣಗಳಲ್ಲಿಯೂ ಎಷ್ಟೋ ಮಂದಿ ಬುದ್ಧಿವಂತ ಬಾಲಕರು ವಿದ್ಯಾರ್ಥಿವೇತನವಿರುವ ಕಡೆಗೆ ತಮ್ಮ ಆಸೆಯನ್ನು ತಿರುಗಿಸಿಕೊಂಡುದನ್ನು ನಾವು ಕಂಡಿದ್ದೇವೆ. ಹೆಲ್ಮ್‌ಹೋಲ್ಟ್ಸನ ವಿಷಯದಲ್ಲಿ ಈ ಒತ್ತಾಯವು ವರವಾಯಿತು. ವೈದ್ಯನಾಗದಿದ್ದರೆ ಆತನು ಕಣ್ಣಿನ ಸಮೀಪಕ್ಕೆ ಬರುತ್ತಲೇ ಇರಲಿಲ್ಲ.

ವಿದ್ಯಾರ್ಥಿಯಾಗಿದ್ದಾಗ ೧೮೪೧ರಲ್ಲಿ ವಿಷಮಜ್ವರವು ಬಂದು ಆಸ್ಪತ್ರೆಯಲ್ಲಿ ಮಲಗಿದನು. ಸಂಸ್ಥೆಯ ವಿದ್ಯಾರ್ಥಿಯಾದ ಕಾರಣ ಶುಶ್ರೂಷೆಗೆ ಕಾಸು ಕೊಡಬೇಕಾಗಿರಲಿಲ್ಲ. ಆ ದಿನಗಳಲ್ಲಿ ಉಳಿದ ಅಲ್ಪ ಹಣದಿಂದ ಒಂದು ಸೂಕ್ಷ್ಮದರ್ಶಕ ಯಂತ್ರವನ್ನು ಕೊಂಡನು. ಅದರ ಸಹಾಯದಿಂದಲೇ ಮರುವರ್ಷ ನರತಂತುಗಳು ನರಕೋಶಗಳಿಂದ ಹೊರಡುವುವೆಂಬುದನ್ನು ಕ್ಷುದ್ರಜೀವಿಗಳಲ್ಲಿ ತೋರಿಸಿ ಪದವಿಯನ್ನು ಪಡೆದನು. ಗುರು ಯೋಹಾನೆಸ್ ಮ್ಯೂಲರ್. ಅದೇ ಗುರುವಿನ ಬಳಿ ಎರ್ನ್‌ಸ್ಟ್ ಬ್ರ್ಯುಕೆ, ಎಮಿಲ್ ದ್ಯುಬ್ವಾ-ರೇಮಾನ್ ಎಂಬ ಇಬ್ಬರು ತರುಣರಿದ್ದರು. ಇವರ ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವರ ಕೆಲಸವಿದೆ. ಬದುಕಿರುವ ದೇಹದಲ್ಲಿ ಯಾವುದೋ ಪ್ರತ್ಯೇಕವಾದ ಜೀವಶಕ್ತಿಯು ಸೇರಿಕೊಂಡಿದೆಯೆಂಬ ಹಳೆಯ ಮತವನ್ನು ಈ ಗೆಳೆಯರು ಒಪ್ಪಲಿಲ್ಲ. ದೇಹದಲ್ಲಿ ನಡೆಯುವುದೆಲ್ಲವನ್ನೂ ತಕ್ಕಡಿಯಿಂದಲೂ ಗಡಿಯಾರದಿಂದಲೂ ಅಳೆಯಬಹುದೆಂಬುದು ಅವರ ಹಟ.

೧೮೪೭ರಲ್ಲಿ, ಸೈನ್ಯದ ವೈದ್ಯನಾಗಿದ್ದ ೨೫ ವರ್ಷದ ಈತನು, ಶಕ್ತಿಯು ರೂಪಾಂತರಗೊಳ್ಳುವುದೇ ಹೊರತು ನಾಶವಾಗುವುದಿಲ್ಲವೆಂಬ ಪ್ರಸಿದ್ಧ ಪ್ರಬಂಧವನ್ನು ಬರ್ಲಿನ್ನಿನ ಭೌತಶಾಸ್ತ್ರ ಸಂಘದಲ್ಲಿ ಓದಿದನು. ಅಲ್ಲಿಯ ಪ್ರಮುಖ ಪತ್ರಿಕೆಯು ಅದನ್ನು ಅಚ್ಚುಹಾಕಲು ಒಪ್ಪಲಿಲ್ಲ. ಪ್ರತ್ಯೇಕ ಪುಸ್ತಿಕೆಯಾಗಿ ಹೊರಬಂದಿತು. ಸಂಪಾದಕರು ತಿರಸ್ಕರಿಸಿದ ಲೇಖನಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿರಲಾರದೆಂದು ನಾವು ನಮ್ಮ ವೃತ್ತಿಬಾಂಧವರ ಪರವಾಗಿ ಸಂಕೋಚದಿಂದ ಹೇಳಬೇಕಾಗಿದೆ. ಮಾಯರ್, ಜೂಲ್ ಎಂಬುವರೂ ಬೇರೆ ಬೇರೆ ದಾರಿಗಳಿಂದ ಇದೇ ತತ್ತ್ವವನ್ನು ಮುಟ್ಟಿದ್ದರು. ಮರುವರ್ಷ ಸರಕಾರವು ಆತನನ್ನು ಸೈನ್ಯದ ಕರಾರಿನಿಂದ ಬಿಡುಗಡೆ ಮಾಡಿತು. ೧೮೪೯ರಲ್ಲಿ ಓಲ್ಗಾ ಎಂಬ ಕನ್ಯೆಯನ್ನು ವಿವಾಹವಾಗಿ, ಶರೀರಶಾಸ್ತ್ರದ ಪ್ರೊಫೆಸರನಾಗಿ ಕ್ಯೋನಿಗ್ಸ್‌ಬರ್ಗ್ ನಗರಕ್ಕೆ ಹೊರಟನು. ಅದು ಈಗ ರಷ್ಯಾ ದೇಶಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನಿಸಿಕೊಂಡಿದೆ.

ಅಲ್ಲಿ ಮೊದಲು ಮಾಡಿದ ಕಾರ್ಯ ನರದ ವೇಗವನ್ನು ಅಳೆದುದು. ನರದಲ್ಲಿ ಸಂದೇಶವು ಹರಿಯುವ ವೇಗವನ್ನು ಎಂದಿಗೂ ಅಳೆಯಲಾಗದೆಂದು ಗುರು ಮ್ಯೂಲರನೇ ತಿಳಿದಿದ್ದನು. ಶಿಷ್ಯನು ಕಪ್ಪೆಯ ನರವೊಂದನ್ನು ಸ್ನಾಯುವಿಗೆ ಹತ್ತಿರದಲ್ಲಿ ಒಮ್ಮೆ, ದೂರದಲ್ಲಿ ಒಮ್ಮೆ ವಿದ್ಯುತ್ತಿನಿಂದ ಕೆರಳಿಸಿ, ಸ್ನಾಯು ಅದಿರುವ ಕಾಲದ ವ್ಯತ್ಯಾಸವನ್ನು ಲೆಕ್ಕಹಾಕಿದನು. ವೇಗ ಸೆಕೆಂಡಿಗೆ ಸುಮಾರು ೨೭ ಮೀಟರು. ಅಂದರೆ ಬಿರುಗಾಳಿಯಷ್ಟೇ ಹೊರತು ಮಿಂಚಿನಷ್ಟಲ್ಲ. ಮನಸ್ಸು ನೆನೆದ ಒಡನೆಯೇ ಕೈ ಏಳುವುದೆಂದು ನಂಬಿದ್ದ ತಂದೆಗೆ ಇದು ರುಚಿಸಲಿಲ್ಲ. ನಾವು ಇದನ್ನಿಲ್ಲಿ ಹೇಳಲು ಕಾರಣವಿದೆ. ಕಣ್ಣು ಬೆಳಕಿಗೆ ಉತ್ತರ ಕೊಡಲು ಸಹ ಕಾಲ ಹಿಡಿಯುತ್ತದೆ. ಆ ಕಾಲವು ದೀರ್ಘವಾದರೆ ಅದು ರೋಗದ ಕುರುಹು. ಇಂದಿನ ಪರೀಕ್ಷೆಗಳಲ್ಲಿ ಸೆಕೆಂಡಿನ ಸಾವಿರದ ಅಂಶಗಳನ್ನು ಎಣಿಸುವ ಪದ್ಧತಿಯ ಬೇರು ಆ ಕಪ್ಪೆಯ ಕಾಲಿನಲ್ಲಿದೆ.

ಇನ್ನು ೧೮೫೦ರ ಕೊನೆಯ ದಿನಗಳಿಗೆ ಬರೋಣ. ಕಣ್ಣಿನ ಪಾಪೆ ಏಕೆ ಕಪ್ಪಾಗಿ ಕಾಣುತ್ತದೆ? ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದನ್ನು ಎಲ್ಲರೂ ಬಲ್ಲರು. ಮನುಷ್ಯನ ಕಣ್ಣು ಹೊಳೆಯದಿರಲು ಕಾರಣವೇನು? ಒಳಗೆ ಹೊಕ್ಕ ಬೆಳಕನ್ನು ಕಣ್ಣು ನುಂಗಿಬಿಡುವುದೆಂದು ಹಿಂದಿನವರು ತಿಳಿದಿದ್ದರು. ಗೆಳೆಯ ಬ್ರ್ಯುಕೆ ಮನುಷ್ಯನ ಕಣ್ಣನ್ನೂ ಹೊಳೆಯಿಸುವ ಉಪಾಯವನ್ನು ಕಂಡುಹಿಡಿದಿದ್ದನು. ಆದರೆ ಹೊರಕ್ಕೆ ಬರುವ ಆ ಕಿರಣಗಳು ಯಾವ ಚಿತ್ರವನ್ನು ಕಟ್ಟುತ್ತವೆಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಹೆಲ್ಮ್‌ಹೋಲ್ಟ್ಸನು ವಿದ್ಯಾರ್ಥಿಗಳಿಗೆ ಈ ವಿಷಯವನ್ನೇ ಪಾಠಮಾಡಲು ಸಿದ್ಧತೆ ನಡೆಸುತ್ತಿದ್ದಾಗ ಆ ಪ್ರಶ್ನೆಯು ಆತನಿಗೆ ಹೊಳೆಯಿತು. ಕಣ್ಣಿನೊಳಗೆ ಹೊಕ್ಕ ಬೆಳಕು, ಅಕ್ಷಿಪಟಲವೆಂಬ ಹಿಂಭಾಗದ ಪದರದ ಮೇಲೆ ಬಿದ್ದು, ಬಂದ ದಾರಿಯಲ್ಲಿಯೇ ಹಿಂದಿರುಗಿ, ಹೊರಟ ದೀಪಕ್ಕೇ ಸೇರುತ್ತದೆ. ಆ ಬೆಳಕನ್ನು ನೋಡಬೇಕಾದರೆ ನೋಡುವವನು ದೀಪವಿರುವ ಜಾಗದಲ್ಲಿಯೇ ತನ್ನ ಕಣ್ಣನ್ನಿಡಬೇಕು. ಹಾಗೆ ಇಟ್ಟರೆ ಅವನ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. ಇಷ್ಟು ತಿಳಿದ ಮೇಲೆ ಉಪಾಯವು ದೊಡ್ಡದೇನಲ್ಲ. ದೀಪವನ್ನು ಪಕ್ಕಕ್ಕಿಟ್ಟು, ಓರೆಯಾಗಿ ಹಿಡಿದ ಗಾಜಿನಿಂದ ಅದರ ಬೆಳಕನ್ನು ರೋಗಿಯ ಕಣ್ಣಿಗೆ ತಿರುಗಿಸಬೇಕು. ಹಿಂದಿರುಗುವ ಬೆಳಕಿನಲ್ಲಿ ಒಂದು ಭಾಗವು ಅದೇ ಗಾಜನ್ನು ಹಾದು ನೋಡುವವನ ಕಣ್ಣನ್ನು ಸೇರುತ್ತದೆ. ಚಿತ್ರವು ಸ್ಫುಟವಾಗಲು ನಡುವೆ ಒಂದು ನಿಮ್ನ ಮಸೂರ.

ಕನ್ನಡಕದ ಗಾಜು, ಸೂಕ್ಷ್ಮದರ್ಶಕದ ತೆಳುಗಾಜಿನ ಬಿಲ್ಲೆ, ರಟ್ಟು, ಅಂಟು, ಇವೇ ಸಾಮಗ್ರಿ. ಮೊದಮೊದಲು ಏನೂ ಸರಿಯಾಗಿ ಕಾಣಲಿಲ್ಲ. ಸಿದ್ಧಾಂತದಲ್ಲಿ ತಪ್ಪಿಲ್ಲವೆಂಬ ದೃಢವಾದ ನಂಬಿಕೆಯಿಂದ ಸುಮಾರು ಎಂಟು ದಿನ ಸಾಧನೆ ಮಾಡಿದ ಮೇಲೆ, ಬದುಕಿರುವ ಮನುಷ್ಯನ ಅಕ್ಷಿಪಟಲವನ್ನೂ ಅದರ ಮೇಲಣ ರಕ್ತನಾಳಗಳನ್ನೂ ಸ್ಪಷ್ಟವಾಗಿ ಕಂಡನು. ದೇಹವನ್ನು ಕೊಯ್ಯದೆ ಒಳಗಣ ನರವನ್ನೂ ರಕ್ತನಾಳವನ್ನೂ ಕಣ್ಣಾರೆ ಕಾಣಬಹುದಾದ ಸ್ಥಳ ಅದೊಂದೇ. ಡಿಸೆಂಬರ್ ೬ರಂದು ಬರ್ಲಿನ್ ಸಂಘಕ್ಕೆ ವಿಷಯವನ್ನು ತಿಳಿಸಲಾಯಿತು. ೧೮೫೧ರಲ್ಲಿ ವಿವರಣೆಯ ಪುಸ್ತಿಕೆ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಗಣಕಯಂತ್ರದ ಖ್ಯಾತಿಯ ಬ್ಯಾಬೇಜನು ೧೮೪೭ರಲ್ಲಿಯೇ ಇಂಥದೊಂದು ಸಾಧನವನ್ನು ಮಾಡಿ ಒಬ್ಬ ನೇತ್ರವೈದ್ಯನಿಗೆ ತೋರಿಸಿದ್ದನಂತೆ; ಆ ವೈದ್ಯನಿಗೆ ಅದರ ಬೆಲೆ ತಿಳಿಯಲಿಲ್ಲ. ಹೆಲ್ಮ್‌ಹೋಲ್ಟ್ಸನ ಸಾಧನಕ್ಕೂ ಆಕ್ಷೇಪಣೆ ಮಾಡಿದವರುಂಟು. ರೋಗಪೀಡಿತವಾದ ಕಣ್ಣಿಗೆ ಅಷ್ಟು ಬೆಳಕನ್ನು ಹಾಯಿಸುವುದು ಅಪಾಯವೆಂದು ಒಬ್ಬ ಶಸ್ತ್ರವೈದ್ಯನು ಹೇಳಿದನು. ದೃಷ್ಟಿ ಮಂದವಾದ ವೈದ್ಯರಿಗೆ ಇದು ಬೇಕಾಗಬಹುದು, ತನ್ನ ಕಣ್ಣು ಚೆನ್ನಾಗಿದೆಯೆಂದನು ಇನ್ನೊಬ್ಬನು! ಬರ್ಲಿನ್ನಿನ ತರುಣ ನೇತ್ರವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಮಾತ್ರ ಅದನ್ನು ಆನಂದದಿಂದ ಸ್ವೀಕರಿಸಿ ದಿನದ ಉಪಯೋಗಕ್ಕೆ ತಂದನು. ಅದುವರೆಗೆ ರೋಗಿಗೂ ವೈದ್ಯನಿಗೂ ಏನೂ ಕಾಣದ ಅಂಧತ್ವವೆಂದು ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದ ವ್ಯಾಧಿಗಳು ಹತ್ತಾರು ಬೇರೆ ಬೇರೆ ರೋಗಗಳಾಗಿ ಬಿಡಿಸಿಕೊಂಡವು. ೧೮೫೨ರಲ್ಲಿ ರ್ಯೂಟೆ ಎಂಬಾತನು ನಿಮ್ನ ದರ್ಪಣವನ್ನೂ ಮಸೂರವನ್ನೂ ಬಳಸಿ ಹೆಚ್ಚು ವಿಸ್ತಾರವಾದ ಭಾಗವನ್ನು ಒಂದೇ ನೋಟಕ್ಕೆ ತಂದನು.

ಇದಿಷ್ಟೇ ಮಾಡಿ ಸುಮ್ಮನಿದ್ದಿದ್ದರೂ ಹೆಸರು ಉಳಿಯುತ್ತಿತ್ತು. ಆದರೆ ಆತನ ಕುತೂಹಲವು ಕಣ್ಣನ್ನು ಬಿಡಲಿಲ್ಲ. ಬಾನ್ ನಗರದಲ್ಲಿ ೧೮೫೫ರಿಂದ, ಹೈಡೆಲ್‌ಬರ್ಗಿನಲ್ಲಿ ೧೮೫೮ರಿಂದ ಅಧ್ಯಾಪಕನಾಗಿದ್ದುಕೊಂಡು, ೧೮೫೬ರಿಂದ ೧೮೬೭ರೊಳಗೆ ದೃಷ್ಟಿಶಾಸ್ತ್ರದ ಮಹಾಗ್ರಂಥವನ್ನು ಮೂರು ಭಾಗಗಳಾಗಿ ಪ್ರಕಟಿಸಿದನು. ಈ ನಡುವೆ ೧೮೫೯ರಲ್ಲಿ ಪತ್ನಿ ಓಲ್ಗಾ ತೀರಿಕೊಂಡಳು. ಎರಡು ವರ್ಷಗಳ ಮೇಲೆ ಆನಾ ಎಂಬಾಕೆಯನ್ನು ಕೈಹಿಡಿದನು. ಕಣ್ಣು ಸೃಷ್ಟಿಯ ಪರಮಾದ್ಭುತವೆಂದು ಎಲ್ಲರೂ ಕೊಂಡಾಡುತ್ತಿದ್ದಾಗ, ಅದರ ದೋಷಗಳನ್ನು ಒಂದೊಂದಾಗಿ ಎಣಿಸಿ, ಇಂಥ ಯಂತ್ರವನ್ನು ಅಂಗಡಿಯವನು ಮಾರಲು ತಂದರೆ ಹಿಂದಕ್ಕೆ ಕಳುಹಿಸುತ್ತಿದ್ದೆನೆಂಬರ್ಥದಲ್ಲಿ ನುಡಿದವನು ಈತನೇ. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿದ್ದು ಅವುಗಳ ಮಿಶ್ರಣದಿಂದ ಎಲ್ಲ ಬಣ್ಣಗಳೂ ತೋರುವುವೆಂದು ಇಂಗ್ಲೆಂಡಿನ ಥಾಮಸ್ ಯಂಗ್ ಸೂಚಿಸಿದ್ದನು. ಅದನ್ನು ಎತ್ತಿಕೊಂಡು ಶಾಸ್ತ್ರದ ರೂಪಕ್ಕೆ ತಂದವನೂ ಈತನೇ.

ನೋಡುವುದು ಬೇರೆ, ಕೆಲಸವನ್ನು ಪರೀಕ್ಷಿಸುವುದು ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಣ್ಣಗುರುಡನ ಅಕ್ಷಿಪಟಲವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಪರರ ಅಕ್ಷಿಪಟಲದಂತೆಯೇ ಕಾಣುತ್ತದೆ. ೧೮೭೫ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡದಲ್ಲಿ ರೈಲುಗಳು ಢಿಕ್ಕಿಹೊಡೆದಾಗ, ನೌಕರನು ಕೆಂಪುಹಸುರುಗಳ ಭೇದವನ್ನರಿಯದವನಾಗಿದ್ದಿರಬಹುದೆಂಬ ಶಂಕೆ ಹುಟ್ಟಿತು. ಉಪ್ಸಾಲದ ಪ್ರೊಫೆಸರ್ ಹೋಲ್ಮ್‌ಗ್ರೆನ್ ಎಂಬಾತನು ಯಂಗ್-ಹೆಲ್ಮ್‌ಹೋಲ್ಟ್ಸ್ ಸಿದ್ಧಾಂತವನ್ನು ಆಧಾರಮಾಡಿಕೊಂಡು, ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ವಿಂಗಡಿಸುವ ಪರೀಕ್ಷೆಯಿಂದ ರೈಲ್ವೆ ನೌಕರರನ್ನು ಆರಿಸುವ ಪದ್ಧತಿಯನ್ನು ಬಳಕೆಗೆ ತಂದನು. ಇದೇ ಹೋಲ್ಮ್‌ಗ್ರೆನ್ನನದು ಇನ್ನೂ ಒಂದು ಸಾಧನೆ. ಕಣ್ಣುಗುಡ್ಡೆಯಲ್ಲಿ ಸದಾ ಒಂದು ವಿದ್ಯುತ್ತಿನ ಒತ್ತಡವಿದೆಯೆಂದು ೧೮೪೯ರಲ್ಲಿ ದ್ಯುಬ್ವಾ-ರೇಮಾನನು ಮೀನಿನ ಕಣ್ಣಿನಲ್ಲಿ ತೋರಿಸಿದ್ದನು. ಬೆಳಕು ಬಿದ್ದಾಗ ಆ ವಿದ್ಯುತ್ತು ಬದಲಾಯಿಸುವುದನ್ನು ಹೋಲ್ಮ್‌ಗ್ರೆನ್ನನು ೧೮೬೫ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಕಂಡನು. ರೋಗಿಯ ಬಾಯಿಮಾತನ್ನು ಅವಲಂಬಿಸದೆ ಅಕ್ಷಿಪಟಲವನ್ನೇ ಪ್ರಶ್ನಿಸಿ ಉತ್ತರ ಪಡೆಯುವ ಪರೀಕ್ಷೆಯು ಹೀಗೆ ಹುಟ್ಟಿತು.

೧೮೭೧ರಲ್ಲಿ ಹೆಲ್ಮ್‌ಹೋಲ್ಟ್ಸನಿಗೆ ಬಾಲ್ಯದ ಆಸೆ ಕೈಗೂಡಿ ಬರ್ಲಿನ್ನಿನಲ್ಲಿ ಭೌತಶಾಸ್ತ್ರದ ಪೀಠವು ದೊರೆಯಿತು. ರೇಡಿಯೋ ತರಂಗಗಳನ್ನು ಕಂಡ ಹೈನ್‌ರಿಚ್ ಹರ್ಟ್ಸ್ ಈತನ ಶಿಷ್ಯನು. ೧೮೮೩ರಲ್ಲಿ ಕುಲೀನ ಪದವಿ, ೧೮೮೭ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೌತಪ್ರಯೋಗಶಾಲೆಯ ಮೊದಲ ಅಧ್ಯಕ್ಷತೆ, ಹೀಗೆ ಮನ್ನಣೆಗೆ ಕೊರತೆಯಿರಲಿಲ್ಲ. ೧೮೮೬ರಲ್ಲಿ ನೇತ್ರವೈದ್ಯರು ಹೈಡೆಲ್‌ಬರ್ಗಿನಲ್ಲಿ ಗ್ರೇಫೆಯ ಹೆಸರಿನ ಮೊದಲನೆಯ ಪದಕವನ್ನು ಆತನಿಗೆ ಅರ್ಪಿಸಿದಾಗ, ತಾನು ಕೇವಲ ಉಳಿಯನ್ನು ಮಾಡಿಕೊಟ್ಟ ಕಮ್ಮಾರನೆಂದೂ ಶಿಲ್ಪವನ್ನು ಕಡೆದವರು ವೈದ್ಯರೆಂದೂ ಉತ್ತರಕೊಟ್ಟನು. ಮಗ ರಾಬರ್ಟ್ ೧೮೮೯ರಲ್ಲಿ ತೀರಿಕೊಂಡ ದುಃಖವನ್ನೂ ಅನುಭವಿಸಬೇಕಾಯಿತು. ೧೮೯೩ರಲ್ಲಿ ಅಮೆರಿಕದ ಚಿಕಾಗೋ ನಗರಕ್ಕೆ ಹೋಗಿ ಹಿಂದಿರುಗುವಾಗ ಹಡಗಿನಲ್ಲಿ ಬಿದ್ದು ಪೆಟ್ಟಾಯಿತು. ಮರುವರ್ಷ ಮಿದುಳಿನಲ್ಲಿ ರಕ್ತಸ್ರಾವವಾಗಿ, ಸೆಪ್ಟೆಂಬರ್ ೮ರಂದು ಷಾರ್ಲಾಟೆನ್‌ಬರ್ಗಿನಲ್ಲಿ ದೇಹಬಿಟ್ಟನು.

ಆತನು ಮಾಡಿಕೊಟ್ಟ ಉಳಿಯು ಏಡ್ಸ್ ರೋಗಿಗಳ ಪಾಲಿಗೆ ಏನಾಯಿತೆಂಬುದನ್ನು ಈಗ ಹೇಳಬೇಕು. ಆ ವ್ಯಾಧಿಯು ಕಾಣಿಸಿಕೊಂಡ ಮೊದಲ ವರ್ಷಗಳಲ್ಲಿಯೇ ವೈದ್ಯರು ನೇತ್ರದರ್ಶಕದಲ್ಲಿ ಎರಡು ಸಂಗತಿಗಳನ್ನು ಕಂಡರು. ಒಂದು, ಅಕ್ಷಿಪಟಲದ ಮೇಲೆ ಹತ್ತಿಯ ಎಳೆಯಂಥ ಸಣ್ಣ ಬಿಳಿಯ ಮಚ್ಚೆಗಳು. ಇವು ತಾವಾಗಿಯೇ ಮಾಯವಾಗುತ್ತವೆ. ಇನ್ನೊಂದು ಘೋರವಾದುದು. ಸೈಟೊಮೆಗಲೊ ಎಂಬ ವೈರಸ್ಸು, ಆರೋಗ್ಯವಂತರಲ್ಲಿ ಸದ್ದಿಲ್ಲದೆ ಮಲಗಿರುವಂಥದು, ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಿ.ಡಿ. ೪ ಎಂಬ ರಕ್ಷಕ ಕಣಗಳು ೫೦ಕ್ಕಿಂತ ಕೆಳಗಿಳಿದಾಗ ಎದ್ದು ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ಗಟ್ಟಿಮೊಸರಿನ ಮೇಲೆ ಕುಂಕುಮ ಚೆಲ್ಲಿದಂತೆ ಬಿಳುಪೂ ರಕ್ತದ ಕಲೆಗಳೂ ಕಾಣುತ್ತವೆ. ಇದು ಅನೇಕವೇಳೆ ಅಂಚಿನಿಂದ ಆರಂಭವಾಗುವ ಕಾರಣ ರೋಗಿಗೆ ಮೊದಲು ತಿಳಿಯುವುದೇ ಇಲ್ಲ. ಚಿಕಿತ್ಸೆಯಿಲ್ಲದಿದ್ದರೆ ಕೆಲವು ತಿಂಗಳುಗಳಲ್ಲಿ ಕಣ್ಣು ಹೋಗುತ್ತದೆ. ೧೯೯೬ಕ್ಕೆ ಮುಂಚೆ ಅಮೆರಿಕದ ಏಡ್ಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು ೩೦ ಮಂದಿಗೆ ಇದು ತಗಲುತ್ತಿತ್ತು. ೧೯೮೯ರಲ್ಲಿ ಗ್ಯಾನ್‌ಸೈಕ್ಲೋವಿರ್, ೧೯೯೧ರಲ್ಲಿ ಫಾಸ್ಕಾರ್ನೆಟ್ ಎಂಬ ಔಷಧಗಳು ಅಂಗೀಕೃತವಾದವು. ಇವು ರೋಗವನ್ನು ತಡೆಹಿಡಿಯುತ್ತಿದ್ದುವೇ ಹೊರತು ನಿರ್ಮೂಲ ಮಾಡುತ್ತಿರಲಿಲ್ಲ. ಸಾಯುವುದಕ್ಕೆ ಮೊದಲು ಕುರುಡನಾಗಬೇಕೆಂಬ ಭಯದಲ್ಲಿ ದಿನ ನೂಕುತ್ತಿದ್ದ ತರುಣರಿಗೆ, ಕೆಲವು ವಾರಗಳಿಗೊಮ್ಮೆ ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡುವ ವೈದ್ಯನ ಆ ಬೆಳಕೇ ಕಾವಲಾಗಿತ್ತು.

ಆದರೆ ಇನ್ನೊಂದು ವರ್ಗದ ರೋಗಿಗಳಿದ್ದರು. ಅವರ ಅಕ್ಷಿಪಟಲದಲ್ಲಿ ಮಚ್ಚೆಯೂ ಇಲ್ಲ, ರಕ್ತವೂ ಇಲ್ಲ. ಗೋಡೆಯ ಮೇಲಿನ ಸ್ನೆಲೆನ್ ಪಟದ ಕಪ್ಪಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದುತ್ತಾರೆ. ಆದರೂ ಸರಿಯಾಗಿ ಕಾಣುವುದಿಲ್ಲವೆಂದು ದೂರುತ್ತಾರೆ: ಸಂಜೆಯ ಮಬ್ಬಿನಲ್ಲಿ ಮೆಟ್ಟಿಲು ತಿಳಿಯದು, ಮಸುಕಾದ ಅಚ್ಚನ್ನು ಓದಲಾಗದು. ಸವೆದ ಮೊಳೆಗಳಿಂದ ಮಸಿ ಸಾಲದೆ ಬಿದ್ದ ಪುಟವನ್ನು ಬಲ್ಲ ನಮ್ಮಂಥ ಅಚ್ಚಿನವರಿಗೆ ಈ ದೂರಿನ ಅರ್ಥ ಕೂಡಲೇ ಆಗುತ್ತದೆ. ಇಂಥ ಮಾತನ್ನು ಮನಸ್ಸಿನ ಕಳವಳವೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕದವರು ಹೆಲ್ಮ್‌ಹೋಲ್ಟ್ಸನ ಎರಡನೆಯ ದಾರಿಯನ್ನು ಹಿಡಿದರು. ಕ್ರಮವಾಗಿ ಬೂದಾಗುತ್ತ ಬಿಳಿಯಲ್ಲಿ ಲೀನವಾಗುವ ಅಕ್ಷರಗಳ ಪಟವನ್ನು, ೧೯೮೮ರಲ್ಲಿ ಪ್ರಕಟವಾದ ಪೆಲ್ಲಿ-ರಾಬ್ಸನ್ನರ ಪಟದಂಥದನ್ನು, ಮುಂದಿಟ್ಟರು. ಬಣ್ಣದ ೮೫ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಜೋಡಿಸಿರೆಂದರು. ದೃಷ್ಟಿಯ ಅಂಚುಗಳಲ್ಲಿ ಮಿಣುಕುವ ಚುಕ್ಕೆಗಳನ್ನು ಗುರುತಿಸಿರೆಂದರು. ರೋಗಿಗಳ ದೂರು ನಿಜವಾಗಿತ್ತು. ಕಣ್ಣಿನಲ್ಲಿ ಯಾವ ಸೋಂಕೂ ಇಲ್ಲದ ಎಚ್.ಐ.ವಿ. ಪೀಡಿತರಲ್ಲಿಯೂ ಬೆಳಕುನೆರಳಿನ ತಾರತಮ್ಯವನ್ನರಿಯುವ ಶಕ್ತಿ, ಬಣ್ಣದ ಜ್ಞಾನ, ದೃಷ್ಟಿಯ ವಿಸ್ತಾರ ಇವು ಕುಗ್ಗಿರಬಹುದೆಂದು ಸಿದ್ಧವಾಯಿತು. ಏಡ್ಸಿನಿಂದ ಮಡಿದವರ ನೇತ್ರನರಗಳನ್ನು ಪರೀಕ್ಷಿಸಿದವರು, ಅವುಗಳಲ್ಲಿ ಲಕ್ಷಗಟ್ಟಲೆ ತಂತುಗಳು ನಷ್ಟವಾಗಿರುವುದನ್ನು ೧೯೯೨ರಲ್ಲಿ ಪ್ರಕಟಿಸಿದರು.

ವಿದ್ಯುತ್ ಪರೀಕ್ಷೆಯೂ ಇದಕ್ಕೆ ಒದಗಿಬಂದಿತು. ರೋಗಿಯನ್ನು ಕತ್ತಲೆಯಲ್ಲಿ ಇಪ್ಪತ್ತು ನಿಮಿಷವಾದರೂ ಕುಳ್ಳಿರಿಸಿ, ಕಣ್ಣಿನ ಮೇಲ್ಮೈಗೆ ತೆಳುವಾದ ವಿದ್ಯುದ್ವಾಹಕವನ್ನು ತಾಗಿಸಿ, ಬೆಳಕನ್ನು ಮಿಂಚಿಸುತ್ತಾರೆ. ಬರುವ ಗೆರೆಯು ಮೊದಲು ಕೆಳಕ್ಕೆ ಇಳಿಯುತ್ತದೆ. ಅದು ಬೆಳಕನ್ನು ಹಿಡಿಯುವ ಕೋಶಗಳ ಉತ್ತರ. ಅನಂತರ ಮೇಲಕ್ಕೇರುತ್ತದೆ, ಅದು ಒಳಪದರಗಳ ಉತ್ತರ. ಯಾವುದು ಕುಗ್ಗಿದೆ, ಯಾವುದು ತಡವಾಗಿದೆ ಎಂಬುದರಿಂದ ಹಾನಿಯ ಸ್ಥಳವು ತಿಳಿಯುತ್ತದೆ. ಕಣ್ಣಿನೊಳಕ್ಕೆ ಸೂಜಿಯಿಂದ ಹಾಕುವ ಔಷಧವು ಅಕ್ಷಿಪಟಲಕ್ಕೇ ಕೇಡು ಮಾಡುತ್ತಿದೆಯೋ ಎಂದು ನೋಡಲು ಸಹ ಇದೇ ಪರೀಕ್ಷೆ. ೧೯೯೦ರ ದಶಕದಲ್ಲಿ ಎರಿಕ್ ಸಟರನ ವಿಧಾನವು ಬಂದು ಅಕ್ಷಿಪಟಲದ ನೂರಾರು ತುಣುಕುಗಳ ಉತ್ತರವನ್ನು ಬೇರೆಬೇರೆಯಾಗಿ ಪಡೆಯಲು ಸಾಧ್ಯವಾಯಿತು. ಕನ್ನಡಿಗೆ ನಿರ್ಮಲವಾಗಿ ತೋರುವ ಕಣ್ಣುಗಳಲ್ಲಿಯೂ ಕೆಲವೆಡೆ ಉತ್ತರವು ತಡವಾಗುವುದು ಕಂಡುಬಂದಿತು.

೧೯೯೬ರಿಂದ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂದು, ಕಣ್ಣನ್ನು ತಿನ್ನುವ ಆ ವೈರಸ್ ರೋಗದ ಹೊಸ ಪ್ರಕರಣಗಳು ಬಹುಮಟ್ಟಿಗೆ ಇಳಿದವು. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ಣಾಟಕವೂ ಸೇರಿತ್ತು. ೨೦೦೪ರ ಏಪ್ರಿಲ್ ೧ರಿಂದ ಸರಕಾರವು ಔಷಧವನ್ನು ಉಚಿತವಾಗಿ ಕೊಡತೊಡಗಿತು. ಆದರೂ ರೋಗವು ಬಲಿತ ಮೇಲೆಯೇ ಆಸ್ಪತ್ರೆಗೆ ಬರುವವರು ಇಂದಿಗೂ ಇದ್ದಾರೆ. ಅಂಥವರ ಪಾಪೆಯನ್ನು ಹಿಗ್ಗಿಸಿ ಅಂಚಿನವರೆಗೆ ನೋಡುವುದು ಇಂದಿಗೂ ಅಗತ್ಯವಾಗಿದೆ. ಅಮೆರಿಕದಲ್ಲಿ ೧೯೯೮ರಿಂದ ೨೦೧೩ರವರೆಗೆ ೨೦೦೦ಕ್ಕೂ ಹೆಚ್ಚು ಏಡ್ಸ್ ರೋಗಿಗಳ ಕಣ್ಣುಗಳನ್ನು ನಿಯತವಾಗಿ ಪರೀಕ್ಷಿಸುತ್ತ ಬಂದ ಅಧ್ಯಯನವು, ಚಿಕಿತ್ಸೆಯಲ್ಲಿರುವವರಲ್ಲಿಯೂ ಕೆಲವರಿಗೆ ತಾರತಮ್ಯ ದೃಷ್ಟಿ ಕುಗ್ಗುವುದನ್ನು ಕಂಡಿತು. ಅವರು ಓದಲು ಹೆಚ್ಚು ಬೆಳಕಿನ ದೀಪವನ್ನು ಇಟ್ಟುಕೊಳ್ಳಬೇಕಾಗುತ್ತದೆ. ರಾತ್ರಿ ವಾಹನ ನಡೆಸುವ ಮೊದಲು ಯೋಚಿಸಬೇಕಾಗುತ್ತದೆ. ಬೂದು ಅಕ್ಷರಗಳ ಆ ಪಟವನ್ನು ಓದಿಸಲು ಒಂದು ಕಣ್ಣಿಗೆ ಕೆಲವೇ ನಿಮಿಷಗಳು ಸಾಕು.